ಬೂದು ಕೋಟಿನ ರಿಪೇರಿ

ಭಾನುವಾರ, ಮಧ್ಯಾಹ್ನ

ನಮ್ಮವರಿಗೆ,

ನೀವು ಕಳಿಸಿದ ಬಟ್ಟೆಯ ಗಂಟು ಬಂತು. ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಗಂಟಿನೊಳಗಿದ್ದ ಚೀಟಿಯ ವಿಷಯ ಹೇಳಿಬಿಡುತ್ತೇನೆ. ಕಂಪನಿಯವರು ದೂರದ ಚಳಿ ಊರಿಗೆ ವರ್ಗ ಮಾಡುತ್ತೇವೆ ಅಂದಿದ್ದಾರೆ, ಒಪ್ಪಿದರೆ ಮೂರು ವರ್ಷ ಅಲ್ಲೇ, ತಿಂಗಳ ಕೊನೆಗೆ ಉತ್ತರ ಕೊಡಬೇಕು, ಬೂದು ಕೋಟಿನ ಲೈನಿಂಗ್ ಹರಿದಿದೆ, ಹೊಲಿದು ಕಳಿಸು ಅಂತ ಬರೆದಿದ್ದೀರಿ. ಎಲ್ಲಾ ಒಂದೇ ಉಸಿರಿಗೆ. ಹೋಗಲೋ ಬೇಡವೋ ಅಂತ ನನ್ನನ್ನು ಕೇಳಿದ್ದೀರೋ, ಹೋಗುತ್ತೇನೆ ಅಂತ ತಿಳಿಸಿದ್ದೀರೋ, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರೂ ತಿಳಿಯಲಿಲ್ಲ.

ಇನ್ನು ಬಟ್ಟೆಗೆ ಬರೋಣ. ಒದ್ದೆ ಸ್ವೆಟರನ್ನು ಹ್ಯಾಂಗರಿಗೆ ನೇತುಹಾಕಿದ ಪುಣ್ಯಾತ್ಮರು ಯಾರು? ಭುಜದ ಮೇಲೆ ಎರಡು ಕೋಡು ಮೂಡಿವೆ, ತೋಳು ಮೊಣಕಾಲು ಮುಟ್ಟುತ್ತದೆ. ಉಣ್ಣೆಯದನ್ನು ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹಾಸಿ ಒಣಗಿಸಿ ಅಂತ ಮದುವೆಯಾದ ಲಾಗಾಯ್ತಿನಿಂದ ಹೇಳುತ್ತಲೇ ಇದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಬೂಟಿನ ಕಥೆ ಇನ್ನೊಂದು. ನೆಂದ ಬೂಟನ್ನು ಹೀಟರ್ ಮುಂದೆ ಇಟ್ಟಿದ್ದೀರಿ, ಚರ್ಮ ಬಿರುಕು ಬಿಟ್ಟಿದೆ. ಒಳಗೆ ಹಳೇ ಪೇಪರ್ ತುರುಕಿ ಒಂದು ಮೂಲೆಯಲ್ಲಿಟ್ಟಿದ್ದರೆ ತನ್ನಷ್ಟಕ್ಕೆ ಒಣಗುತ್ತಿತ್ತು. ಪಕ್ಕದಂಗಡಿಯ ಬೂಟು ರಿಪೇರಿಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಇದನ್ನು ಹಾಕಿಕೊಂಡಿದ್ದವರು ಬದುಕಿದ್ದಾರಾ ಅಂತ ವಿಚಾರಿಸಿದರು. ಸದ್ಯಕ್ಕೆ ಬದುಕಿದ್ದಾರೆ ಅಂದೆ.

ಕೆಲಸದ ಅಂಗಿಗೆ ಗ್ರೀಸ್ ಆಗಿದ್ದಕ್ಕೆ ನನ್ನ ತಕರಾರಿಲ್ಲ. ಲಿಫ್ಟ್ ರಿಪೇರಿ ಮಾಡುವವರ ಅಂಗಿಗೆ ಗ್ರೀಸ್ ಆಗದೆ ಗಂಧ ಆಗುತ್ತದೆಯೇ? ಆದರೆ ಅದಕ್ಕೆ ನೀರು ಸೋಕಿಸುವ ಮೊದಲು ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಜಿಡ್ಡು ಹೀರಲು ಬಿಡಬೇಕು. ಆಮೇಲೆ ಕೊಡವಿ, ಪಾತ್ರೆ ತೊಳೆಯುವ ಸೋಪು ಹಚ್ಚಬೇಕು. ನೀವು ಸೀದಾ ನೀರಿಗೆ ಮುಳುಗಿಸಿ, ಮೇಲೆ ಇಸ್ತ್ರಿ ಬೇರೆ ತಿಕ್ಕಿ, ಆ ಕಲೆಗೆ ಅಲ್ಲೇ ಮನೆ ಕಟ್ಟಿಕೊಟ್ಟಿದ್ದೀರಿ. ಅದು ಇನ್ನು ಒರೆಸುವ ಬಟ್ಟೆ.

ಗ್ರೀಸ್ ಅಂದ ತಕ್ಷಣ ನಿಮಗೆ ಏನು ನೆನಪಾಗಿರುತ್ತದೆ ಅಂತ ಗೊತ್ತು. ಅವತ್ತು ಗಿರಾಕಿಯೊಬ್ಬರು ನನಗೆ ಹೊಲಿಯಲು ಕೊಟ್ಟಿದ್ದ ಬಿಳಿ ಗೌನನ್ನು ಕುರ್ಚಿಯಿಂದ ಪಕ್ಕಕ್ಕೆ ಸರಿಸಿದ್ದು ಕುಳಿತುಕೊಳ್ಳುವುದಕ್ಕೆ ತಾನೇ ಅಂದಿರಿ. ಸರಿ. ಆದರೆ ಕೆಲಸದಿಂದ ಬಂದ ಕೈಯಲ್ಲೇ ಸರಿಸಿದಿರಿ, ಐದು ಬೆರಳೂ ಮೂಡಿದವು. ನಾನು ಕೂಗಾಡಿದೆ. ನೀವು, ಈ ಮನೆಯಲ್ಲಿ ಹ್ಯಾಂಗರಿಗಿರುವ ಜಾಗ ನನಗಿಲ್ಲ ಅಂತ ಹೇಳಿ ಚೀಲ ತುಂಬಿಕೊಂಡು ವರ್ಕ್‌ಶಾಪಿನ ಹಿಂದಿನ ಕೋಣೆಗೆ ಹೋದಿರಿ. ಎರಡು ದಿನ ಕಳೆದು ಬರುತ್ತೀರಿ ಅಂದುಕೊಂಡಿದ್ದೆ. ಬಂದದ್ದು ನೀವಲ್ಲ, ಗುಂಡಿ ಕಿತ್ತುಹೋದ ಒಂದು ಅಂಗಿ.

ಅಲ್ಲಿಂದ ಶುರುವಾದದ್ದು ಈ ಗುಂಡಿಯ ರಾಮಾಯಣ. ತಿಂಗಳಿಗೊಮ್ಮೆ ಒಂದು ಅಂಗಿ, ಒಂದು ಚೀಟಿ, ಗುಂಡಿ ಬಿದ್ದಿದೆ ಹೊಲಿದು ಕಳಿಸು. ನಾನು ಹೊಲಿದ ಗುಂಡಿ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಮೇಣ ಸವರಿದ ದಾರ, ಬುಡಕ್ಕೆ ನಾಲ್ಕು ಸುತ್ತು, ಹಿಂದೆ ಗಂಟು. ಅಂಗಿ ಹರಿದರೂ ಗುಂಡಿ ಇರಬೇಕು. ನನ್ನ ಕೈಗೇ ಏನೋ ಆಗಿದೆ, ವಯಸ್ಸಾಯಿತು ಅಂತ ಕೊರಗಿದೆ. ಗಿರಾಕಿಗಳ ಕೋಟಿನ ಗುಂಡಿಗಳನ್ನೆಲ್ಲ ಮತ್ತೆ ಎಳೆದು ನೋಡಿದೆ. ಈ ಸಲ ಗಂಟಿನಲ್ಲಿ ಬಂದ ಗುಂಡಿಯಿಲ್ಲದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸವೆದು ಹರಿದ ದಾರದ ತುದಿ ಕೆದರಿ ನಾರುನಾರಾಗಿರುತ್ತದೆ, ಮಹಾರಾಯರೇ. ಇದು ನುಣ್ಣಗೆ ಕೊಯ್ದ ತುದಿ. ಪಕ್ಕದ ಬಟ್ಟೆಯ ಮೇಲೆ ಬ್ಲೇಡಿನ ಗೀರು ಬೇರೆ.

ನನಗೆ ಮೈಯೆಲ್ಲಾ ಉರಿಯಿತು. ಒಳ್ಳೆಯ ಅಂಗಿಗೆ ಬ್ಲೇಡ್ ಹಾಕುವುದೇ? ಆಮೇಲೆ ಹೊಲಿಗೆ ಮೆಷಿನ್ ಮೇಲೆ ತಲೆಯಿಟ್ಟು ಅತ್ತೆ. ಅದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟು ಏನು ಸುಖ. ನೆನಪಾಗುತ್ತಿದೆ ಅಂತ ಒಂದು ಮಾತು ಬರೆಯಲು ನಿಮಗೇನು ಕಷ್ಟವಿತ್ತು? ಬಾಯಿ ಬಿಟ್ಟರೆ ಮುತ್ತು ಉದುರುತ್ತಿತ್ತೇ? ಒಂದೊಂದು ಗುಂಡಿ ಕೊಯ್ದು ಕಳಿಸಿ ನನ್ನ ಕಸುಬಿಗೇ ಕಳಂಕ ತಂದಿರಿ.

ಮಗಳು ಚೆನ್ನಾಗಿದ್ದಾಳೆ. ಅಪ್ಪ ಯಾವಾಗ ಬರ್ತಾರೆ ಅಂತ ಕೇಳುವುದನ್ನು ಬಿಟ್ಟಿದ್ದಾಳೆ. ಈಗ ಅವಳು ಕೇಳುವುದು, ನೀನು ಯಾವಾಗ ಕರೀತೀಯ ಅಂತ. ಅಪ್ಪನ ಮಗಳು, ಕೊಂಕು ಎಲ್ಲಿ ಹೋಗುತ್ತದೆ.

ವರ್ಗದ ವಿಷಯ ನಿಮ್ಮಿಷ್ಟ. ದುಡಿಯುವವರು ನೀವು, ನಾನು ಅಡ್ಡ ಬರುವವಳಲ್ಲ. ಕೋಟಿನ ಲೈನಿಂಗ್ ಹಾಕಿ ಆಯಿತು, ಹಳೆಯದಕ್ಕಿಂತ ದಪ್ಪದ್ದು. ಕೋಟು ತಯಾರಾಗಿದೆ. ಅಂಗಿ, ಸ್ವೆಟರ್, ಬೂಟು ಈ ಗಂಟಿನಲ್ಲಿವೆ. ಉಣ್ಣೆ ಕೋಟನ್ನು ಬೂಟಿನ ಜೊತೆ ತುರುಕಬಾರದು, ಅದನ್ನು ಬೇರೆಯಾಗಿ ಕಳಿಸುತ್ತೇನೆ. ಆ ಊರಿನಲ್ಲಿ ಅದನ್ನು ಪದೇ ಪದೇ ಒಗೆಯಬೇಡಿ. ಹಾಕಿಕೊಂಡು ಬಂದ ಮೇಲೆ ಬ್ರಷ್‌ನಿಂದ ಧೂಳು ತೆಗೆದು ಗಾಳಿಗೆ ಬಿಡಿ. ಜೇಬಿಗೆ ಸ್ಪ್ಯಾನರ್ ಹಾಕಬೇಡಿ, ಜೋತುಬೀಳುತ್ತದೆ. ಅಗಲ ಭುಜದ ಹ್ಯಾಂಗರೇ ಬೇಕು. ಹೊಟ್ಟೆಗೆ ಸರಿಯಾಗಿ ತಿನ್ನಿ.

ಇತಿ,
ನೀವು ಸಿಟ್ಟು ಬಂದಾಗಲೂ ಬರದಿದ್ದಾಗಲೂ ಕರೆಯುವ ಹೆಸರಿನವಳು,
ಸೂಜಿ

ತಾ.ಕ.: ಕೋಟು ತಯಾರಾಗಿದೆ ಅಂತ ಬರೆದದ್ದು ಸುಳ್ಳು. ಲೈನಿಂಗ್ ಹಾಕಿದ್ದು ನಿಜ. ಆದರೆ ನಿನ್ನೆ ಸಂಜೆ ಅದಕ್ಕೆ ಇಸ್ತ್ರಿ ಹಾಕಿ ನೋಡುತ್ತಾ ಕೂತವಳು, ಕತ್ತರಿ ತೆಗೆದುಕೊಂಡು ಎಡತೋಳನ್ನು ಭುಜದಿಂದ ಪೂರ್ತಿ ಬಿಚ್ಚಿಬಿಟ್ಟೆ. ಹೊಲಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಒಂಟಿ ತೋಳಿನ ಕೋಟು ಹಾಕಿಕೊಂಡು ಯಾರೂ ಚಳಿ ಊರಿಗೆ ಹೋಗಲಾರರು. ಅದನ್ನು ಮತ್ತೆ ಕೂರಿಸಬೇಕಾದರೆ ನಿಮ್ಮ ಮೈಮೇಲೆ ಹಾಕಿ ನೋಡಲೇಬೇಕು, ಅಂಚೆಯಲ್ಲಿ ಆಗುವ ಕೆಲಸವಲ್ಲ. ತಿಂಗಳ ಕೊನೆಯೊಳಗೆ ಬನ್ನಿ. ಕೈ ತೊಳೆಯದಿದ್ದರೂ ಪರವಾಗಿಲ್ಲ.