ಒಂಬತ್ತನೇ ತಾರೀಖು ಸಂಕೇಶ್ವರದಲ್ಲಿ ರೇಸು

ಗೋಕಾಕ
೨೩ ಜನವರಿ ೨೦೨೫

ಈಶ್ವರ ಅವರಿಗೆ ಮಯೂರಿಯ ಶರಣು ಶರಣಾರ್ಥಿ.

ಹೋದ ರವಿವಾರ ಬೆಲ್ಲದ ಬಾಗೇವಾಡಿಯಿಂದ ಎರಡು ಗಾಡಿ ಮಾಡಿಕೊಂಡು ಕನ್ಯೆ ನೋಡಲು ಬಂದಿದ್ದಿರಲ್ಲ, ಆ ಕನ್ಯೆ ನಾನೇ. ಹೀಗೆ ಗುರುತು ಹೇಳಬೇಕಾಗಿದೆ, ಯಾಕೆಂದರೆ ಅವತ್ತು ನೀವು ನೋಡಿದ್ದು ಅರ್ಧ ನನ್ನನ್ನು, ಇನ್ನರ್ಧ ನಮ್ಮ ಶೋಭಾ ಚಿಗವ್ವ ತಯಾರು ಮಾಡಿದ ಹುಡುಗಿಯನ್ನು. ಫೋನು ಮಾಡಬಹುದಿತ್ತು. ಆದರೆ ನೀವು ನಡುವೆ ಒಮ್ಮೆ "ಹೌದಾ?" ಎಂದರೂ ಸಾಕು, ನನ್ನ ಧೈರ್ಯ ಜಾರಿಬಿಡುತ್ತದೆ. ವಾಟ್ಸಪ್ಪಿನಲ್ಲಿ ಬರೆದರೆ ಸಂಜೆಯೊಳಗೆ ನಿಮ್ಮ ಓಣಿಯ ಮಂದಿಯೆಲ್ಲ ಓದಿ ಮುಗಿಸಿರುತ್ತಾರೆ. ಅದಕ್ಕೇ ನಿಮ್ಮ ಹಿಡಕಲ್ ಡ್ಯಾಮಿನ ಆಫೀಸಿಗೆ ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ಸರಕಾರಿ ಕಾಗದಗಳ ನಡುವೆ ಸೇರಿಸಿ ಫೈಲು ಮಾಡಿಬಿಡಬೇಡಿ.

ವಿಷಯ ಏನೆಂದರೆ, ಫೆಬ್ರುವರಿ ಒಂಬತ್ತಕ್ಕೆ ನಮ್ಮಿಬ್ಬರ ನಿಶ್ಚಯ ಎಂದು ಹಿರಿಯರು ಗೊತ್ತು ಮಾಡಿದ್ದಾರೆ. ಅವತ್ತೇ ಸಂಕೇಶ್ವರದಲ್ಲಿ ನನ್ನ ರೇಸು ಇದೆ.

ಗಾಬರಿಯಾಗಬೇಡಿ, ಓಡುವುದು ನಾನಲ್ಲ, ನನ್ನ ಕಾರು. ಮೊಳದುದ್ದದ ಕಾರು, ರಿಮೋಟು ಹಿಡಿದು ದೂರ ನಿಂತು ಓಡಿಸುವಂಥದ್ದು. ಹುಡುಗರ ಆಟಿಕೆ ಎಂದು ನಕ್ಕರೆ ನನಗೆ ಸಿಟ್ಟು ಬರುತ್ತದೆ, ಈಗಲೇ ಹೇಳಿರುತ್ತೇನೆ. ದೊಡ್ಡ ಗಾಡಿಗೆ ಇರುವ ಶಾಕ್ ಅಬ್ಸಾರ್ಬರು, ಗೇರು, ಬೇರಿಂಗು ಎಲ್ಲ ಅದಕ್ಕೂ ಇವೆ. ದೊಡ್ಡ ಗಾಡಿಯ ಹಾಗೇ ಸರಿಯಾದ ಹೊತ್ತಿಗೇ ಕೈ ಕೊಡುತ್ತವೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮ ಚಿಗವ್ವ ಪಾಪ, ಮೂರರಲ್ಲೇ ಮುಗಿಸಿದಳು. ಅವ್ವ ಇಲ್ಲದ ನನ್ನನ್ನು ಸಾಕಿದವಳು ಅವಳೇ, ಅವಳ ಮೇಲೆ ಸಿಟ್ಟಾಗಬೇಡಿ. ಗೋಡೆಯ ಮೇಲಿದ್ದ ಕಸೂತಿ ನನ್ನದಲ್ಲ, ಅವಳ ಮಗಳು ನಂದಾಳದು. ಅಪ್ಪನ ಮೋಟಾರು ರಿಪೇರಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವುದಿಲ್ಲ, ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುತ್ತೇನೆ. ಇನ್ನು ಮೂರನೆಯದು. ನಿಮ್ಮ ಸೋದರತ್ತೆ ಲಕ್ಕವ್ವನವರು ನನ್ನ ಕೈ ಹಿಡಿದು, "ಉಗುರು ಯಾಕ ಹಿಂಗ ಕರ್ರಗ ಅದಾವ ಬೇ?" ಎಂದು ಕೇಳಿದರಲ್ಲ, ಆಗ ಚಿಗವ್ವ, "ಎಣ್ಣಿಗಾಯಿ ಮಾಡಾಕ ಬದ್ನಿಕಾಯಿ ಹೆಚ್ಚ್ಯಾಳ್ರಿ, ಅದರ ಕಲಿ ಹತ್ತೇತ್ರಿ" ಎಂದುಬಿಟ್ಟಳು. ನೀವು ಊಟ ಮಾಡಿದಿರಿ, ತಾಟಿನಲ್ಲಿ ಎಣ್ಣೆಗಾಯಿ ಕಂಡಿತೇ? ಅದು ಕಾರಿನ ಗ್ರೀಸು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಕಾರು ಓಡಿಸಿ ಕಲಿತದ್ದು ಮೂಡಲಗಿಯಲ್ಲಿ. ನನ್ನ ಸಾಲಿ ಗೆಳತಿ ಇರ್ಫಾನಾಳ ಮನೆಯ ಹಿತ್ತಲಿನಲ್ಲಿ ಅವಳ ಗಂಡ ಆಸೀಫ ಹಳೆಯ ನೀರಿನ ಪೈಪುಗಳನ್ನು ಅಂಚಿಗೆ ಹಾಸಿ ಟ್ರ್ಯಾಕು ಮಾಡಿದ್ದಾನೆ. ಅಲ್ಲಿಯದು ಎರೆ ಮಣ್ಣು. ಒಂದು ಸಲ ಓಡಿಸಿದರೆ ಕಾರನ್ನು ಪೂರ್ತಿ ಬಿಚ್ಚಿ, ಹಲ್ಲುಜ್ಜುವ ಬ್ರಶ್ಶಿನಿಂದ ಮಣ್ಣು ತೆಗೆದು, ಬೇರಿಂಗಿಗೆ ಎಣ್ಣೆ ಬಿಡಬೇಕು. ನಮ್ಮ ಮನೆಯಲ್ಲಿ ಬ್ರಶ್ಶುಗಳು ಕಳೆಯುತ್ತಲೇ ಇರುವುದು ಇದರಿಂದಲೇ.

ಹೋದ ವರ್ಷ ಸಂಕೇಶ್ವರದಲ್ಲಿ ಎಲ್ಲರಿಗಿಂತ ಮುಂದಿದ್ದೆ. ಕೊನೆಯ ಸುತ್ತಿನಲ್ಲಿ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರಿತು. ಮೋಟಾರು ಒದರುತ್ತಿತ್ತು, ಕಾರು ಮಾತ್ರ ನಿಂತಲ್ಲೇ ನಿಂತಿತ್ತು. ಕೊಲ್ಹಾಪುರದವರು ಬಾಜೂದಿಂದ ದಾಟಿ ಹೋದರು. ಈ ವರ್ಷ ಉಕ್ಕಿನ ಗೇರು ಹಾಕಿ ಹೊಸ ಮೋಟಾರು ಕೂರಿಸಿದ್ದೇನೆ. ಅದರ ಜೋರಿಗೆ ಕಾರು ತಿರುವು ಬಂದಲ್ಲೆಲ್ಲ ಮಗುಚಿ ಬೀಳತೊಡಗಿತು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅದೇ ಗುದ್ದಾಟ. ಶಾಕಿಗೆ ದಪ್ಪ ಎಣ್ಣೆ ಹಾಕಿದೆ, ಸ್ಪ್ರಿಂಗು ಬದಲಿಸಿದೆ, ಬ್ಯಾಟರಿಯನ್ನು ಕೆಳಗೆ ಇಳಿಸಿದೆ. ಈಗ ನೆಲ ಕಚ್ಚಿ ಓಡುತ್ತದೆ, ನೋಡಿದರೆ ನನಗೇ ಹೆಮ್ಮೆ ಬರುತ್ತದೆ.

ಆದರೆ ಗೇರಿಗಿಂತ ದೊಡ್ಡ ಮಾತು ಇನ್ನೊಂದಿದೆ. ಇಷ್ಟು ವರ್ಷ ರಿಮೋಟು ನನ್ನ ಕೈಯಲ್ಲಿದ್ದರೂ ನನ್ನ ಕಾರು ಓಡಿದ್ದು ಆಸೀಫನ ಹೆಸರಿನಲ್ಲಿ. ಹೆಣ್ಣುಮಗಳ ಹೆಸರು ಮೈಕಿನಲ್ಲಿ ಕೂಗಿಸಬಾರದೆಂದು ಚಿಗವ್ವನ ಕಟ್ಟಪ್ಪಣೆ. ಹೋದ ವರ್ಷ ಸೋತಾಗ ಎಲ್ಲರೂ ಆಸೀಫನ ಬೆನ್ನು ತಟ್ಟಿ ಸಮಾಧಾನ ಹೇಳಿದರು. ನಾನು ಪಕ್ಕದಲ್ಲಿ ನಿಂತು ಕಾರು ಒರೆಸುತ್ತಿದ್ದೆ. ಸೋಲಾದರೂ ನನ್ನದಾಗಬೇಕಿತ್ತು ಎಂದು ಅಳು ಬಂತು. ಈ ವರ್ಷ ಇರ್ಫಾನಾಳೇ ಬೈದು, "ನಿನ್ನ ಹೆಸರ ಕೊಡು, ಇಲ್ಲಂದ್ರ ನಮ್ಮ ಹಿತ್ತಲದಾಗ ಕಾಲ ಇಡಬ್ಯಾಡ" ಎಂದಳು. ಕೊಟ್ಟಿದ್ದೇನೆ, ಗೋಕಾಕದ ಮಯೂರಿ ಎಂದು. ಚಿಗವ್ವನಿಗೆ ಇನ್ನೂ ಗೊತ್ತಿಲ್ಲ.

ಅಪ್ಪನಿಗೆ ಗೊತ್ತು. "ಲಗ್ನದ ಮೊದಲ ಹುಡುಗಗ ಹೇಳಿಬಿಡವಾ. ಸುಟ್ಟ ಮೋಟಾರಿಗೆ ಬಣ್ಣಾ ಬಳದು ಕೊಡೂದು ನಮ್ಮ ಅಂಗಡ್ಯಾಗ ಇಲ್ಲ" ಎಂದರು. ಮಾತು ಖರೆ. ಆದರೂ ನನ್ನನ್ನು ಸುಟ್ಟ ಮೋಟಾರು ಅಂದದ್ದಕ್ಕೆ ಒಂದು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಈಗ ನಿಮ್ಮಲ್ಲಿ ಕೇಳುವುದು ಇಷ್ಟೇ. ನಿಶ್ಚಯವನ್ನು ಅದರ ಮುಂದಿನ ರವಿವಾರ, ಹದಿನಾರಕ್ಕೆ ಹಾಕಿಸಿ. ತಾರೀಖು ಬದಲಿಸಿ ಎಂದು ಹೆಣ್ಣಿನ ಕಡೆಯವರು ಬಾಯಿ ಬಿಟ್ಟರೆ ನೂರು ಪ್ರಶ್ನೆ ಏಳುತ್ತವೆ. ಗಂಡಿನ ಕಡೆಯವರು ಅಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಇದು ಸರಿಯಲ್ಲ, ಆದರೆ ಇದೊಂದು ಸಲ ನಮ್ಮ ಉಪಯೋಗಕ್ಕೆ ಬರಲಿ. ದಿನ ಗೊತ್ತು ಮಾಡುವಾಗ ಲಕ್ಕವ್ವನವರೇ, "ಶರಣರ ಮನಿಗೆ ಎಲ್ಲಾ ದಿನಾನೂ ಚಲೋ ದಿನಾನ" ಎಂದಿದ್ದರು. ಹಾಗಾದರೆ ಹದಿನಾರೂ ಚಲೋ ದಿನವೇ.

ಲಗ್ನವಾದ ಮೇಲೂ ಕಾರು ನನ್ನ ಜೊತೆ ನಿಮ್ಮ ಮನೆಗೆ ಬರುತ್ತದೆ, ಗ್ರೀಸೂ ಬರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಈಗಲೇ ಹೇಳಿ. ನಾನು ಅಳುತ್ತೇನೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಅಳುತ್ತಲೇ ಸಂಕೇಶ್ವರದ ಬಸ್ಸು ಹತ್ತುತ್ತೇನೆ. ಒಪ್ಪಿಗೆ ಇದ್ದರೆ ಒಂಬತ್ತಕ್ಕೆ ನೀವೂ ಬನ್ನಿ, ಹುಕ್ಕೇರಿ ದಾಟಿದರೆ ದೂರವೇನಿಲ್ಲ. ಕಾರು ಮಗುಚಿ ಬಿದ್ದರೆ ಓಡಿ ಹೋಗಿ ಎತ್ತಿ ನಿಲ್ಲಿಸಲು ಟ್ರ್ಯಾಕಿನ ಬಾಜೂಕೆ ಒಬ್ಬರು ಬೇಕೇ ಬೇಕು. ಇಷ್ಟು ವರ್ಷ ಎತ್ತುತ್ತಿದ್ದ ಆಸೀಫ ಈ ಸಲ ತನ್ನದೇ ಕಾರು ಓಡಿಸುತ್ತಾನೆ. ಆ ಜಾಗ ಖಾಲಿ ಇದೆ.

ನಿಮ್ಮ ಉತ್ತರದ ಹಾದಿ ಕಾಯುವ,
ಕಸೂತಿ ಬಾರದ
ಮಯೂರಿ

ತಾ.ಕ.: ಅವತ್ತು ನೀವು ಬರುತ್ತೀರೆಂಬ ಅವಸರದಲ್ಲಿ ಕಾರನ್ನು ಪಡಸಾಲೆಯ ಮಂಚದ ಕೆಳಗೆ ತಳ್ಳಿದ್ದೆ. ಗಾಲಿಯ ಕೆಂಪು ನಟ್ಟೊಂದು ಉರುಳಿ ನಿಮ್ಮ ಕಾಲ ಹತ್ತಿರ ಬಂದಿತ್ತು. ಅತ್ತ ಚಿಗವ್ವ ಬದನೆಕಾಯಿಯ ಮಾತು ಹೇಳುತ್ತಿದ್ದಳು. ಇತ್ತ ನೀವು ಬಗ್ಗಿ ನಟ್ಟು ಎತ್ತಿದಿರಿ, ಮಂಚದ ಕೆಳಗೆ ಇಣುಕಿದಿರಿ, ನನ್ನ ಉಗುರು ನೋಡಿದಿರಿ, ನಟ್ಟನ್ನು ಯಾರಿಗೂ ಕಾಣದಂತೆ ಕಿಸೆಗೆ ಹಾಕಿಕೊಂಡು ಚಹಾ ಕುಡಿದಿರಿ. ನಿಮಗಿಂತ ಮೊದಲು ನೋಡಿ ಹೋದ ಇಬ್ಬರಿಗೆ ನಾನು ಪತ್ರ ಬರೆದಿಲ್ಲ. ಅದು ಹಿಂದಿನ ಎಡಗಾಲಿಯ ನಟ್ಟು. ಟಪಾಲಿನಲ್ಲಿ ಕಳಿಸಬೇಡಿ, ನೀವೇ ತನ್ನಿ.