ಬೆಂಕಿಯ ಮುಂದೆ ನಿಂತ ಜಂಬದ ದೇವರು

ಮಾರ್ಚ್ ೪, ಸಂಜೆ

ಇವತ್ತು ಸೂರ್ಯ ಹತ್ತು ನಿಮಿಷ ತಡವಾಗಿ ಮುಳುಗಿದ. ನಾನು ಬರೆದ ಬೋರ್ಡು ಓದುತ್ತ ನಿಂತುಬಿಟ್ಟಿದ್ದ, ಪಾಪ. ಔಷಧಿ ಅಂಗಡಿಯದು. ಕೆಂಪು, ಎರಡನೇ ಕೋಟು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟವನ ಅಕ್ಷರಕ್ಕೇ ಈ ಗತಿ — ಇನ್ನೂ ಓದಿದ್ದರೆ ಗ್ರಹಣವೇ ಹಿಡಿಯುತ್ತಿತ್ತು.

ಕೈಯ ಬಣ್ಣ ತೊಳೆದು ಆಸ್ಪತ್ರೆಗೆ. ಅಕ್ಕ ಡಯಾಲಿಸಿಸ್ ಮಿಷನ್ನಿಗೆ ಅಂಟಿಕೊಂಡು ಮಲಗಿದ್ದಳು. ಅವಳ ಮಗಳು ಕಾಲೇಜಿನಲ್ಲಿ ಮೇಡಂ. ನಾಳೆಯ ಪಾಠವನ್ನು ಅಮ್ಮನ ಮೇಲೆ ಪ್ರಯೋಗಿಸುತ್ತಿದ್ದಳು. ಅಜ್ಟೆಕ್ ಜನರ ದೇವರುಗಳು, ನಾರ್ಸ್ ಜನರ ದೇವರುಗಳು, ಹೋಲಿಕೆ. ಅಜ್ಟೆಕ್ ಅಂದರೆ ಕಡಲಾಚೆಯ ಬಿಸಿಲ ದೇಶದ ಹಳಬರು, ನಾರ್ಸ್ ಅಂದರೆ ಹಿಮದ ಕಡೆಯವರು. ಅವರ ದೊಡ್ಡ ದೇವರು ಓಡಿನ್, ಜ್ಞಾನದ ಬಾವಿಯ ಒಂದು ಗುಟುಕು ನೀರಿಗಾಗಿ ಒಂದು ಕಣ್ಣು ಕಿತ್ತುಕೊಟ್ಟನಂತೆ. ಟೀರ್ ಎಂಬವನು ರಾಕ್ಷಸ ತೋಳವನ್ನು ಕಟ್ಟಿಹಾಕಲೆಂದು ಅದರ ಬಾಯಲ್ಲಿ ಕೈಯಿಟ್ಟು ಕೈ ಕಳೆದುಕೊಂಡನಂತೆ.

"ಬುದ್ಧಿವಂತರು," ಅಂದೆ. "ಎರಡಿದ್ರೆ ಒಂದು ಕೊಡೋದು. ನಂದೂ ಎರಡಿದೆ. ರಕ್ತ ಹೊಂದುತ್ತೆ ಅಂತ ಡಾಕ್ಟರೇ ಹೇಳಿದಾರೆ. ಸ್ಕ್ಯಾನ್ ಒಂದು ಮುಗೀಲಿ ಅಕ್ಕ, ನನ್ನ ಕಿಡ್ನಿ ಹಾಕ್ಕೊಂಡು ಓಟದ ಪಂದ್ಯಕ್ಕೆ ಹೋಗು."

"ನಿನ್ನ ಕಿಡ್ನಿ ಬಂದ್ರೆ ನಾನೂ ಬುರುಡೆ ಬಿಡೋಕೆ ಶುರು ಮಾಡ್ತೀನೇನೋ, ಬಡಾಯಿ!"

ಪಕ್ಕದ ಹಾಸಿಗೆಯವರೂ ನಕ್ಕರು. ಮಗಳು ತನ್ನದು ಕೊಡುತ್ತೇನೆಂದರೆ ಅಕ್ಕ ಸುತರಾಂ ಒಪ್ಪಿಲ್ಲ. ಉಳಿದವನು ನಾನೊಬ್ಬ.

ಮಾರ್ಚ್ ೯

ಸ್ಕ್ಯಾನಿಗೆ ಹೋಗಬೇಕಿತ್ತು. ಏಣಿಯ ಒಂದು ಮೆಟ್ಟಿಲು ಸಡಿಲ. ರಿಪೇರಿ ಮಾಡದೆ ಬಿಟ್ಟರೆ ಯಾರಾದರೂ ಬಿದ್ದಾರು. ಏಣಿ ಹತ್ತುವವನು ನಾನೊಬ್ಬನೇ. ಆದರೂ...

ಮಾರ್ಚ್ ೧೬

ಹೋದೆ. ಹೆಸರು ಕೂಗಿದರು. ಬಾತ್‌ರೂಮಿಗೆಂದು ಎದ್ದವನು ನೋಡಿದರೆ ಬಸ್ ಸ್ಟಾಪಿನಲ್ಲಿದ್ದೆ. ಬಸ್ಸೂ ಕೂಡಲೇ ಬಂತು, ಹಾಳಾದ್ದು. ಸ್ಕ್ಯಾನ್ ಮಿಷನ್ ಕೆಟ್ಟಿದೆ ಎಂದು ಹೇಳಿದೆ. ಮಗಳು ನಂಬಿದಳು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ ೨೫

ಅಕ್ಕನ ಮುಖ ಊದಿಕೊಂಡಿದೆ. ಚಪ್ಪಲಿ ಕಾಲಿಗೆ ಹಿಡಿಸುತ್ತಿಲ್ಲ.

ಇವತ್ತು ಅಜ್ಟೆಕ್ ಸರದಿ. ಜಗತ್ತೆಲ್ಲ ಕತ್ತಲು. ಸೂರ್ಯನಾಗಬೇಕೆಂದರೆ ಒಬ್ಬ ದೇವರು ಬೆಂಕಿಗೆ ಹಾರಬೇಕು. ನಾನಿದ್ದೇನೆ ಎಂದು ಎದೆ ತಟ್ಟಿದವನೊಬ್ಬ — ತೆಕುಸಿಸ್ತೆಕಾಟ್ಲ್. ಬೋರ್ಡಿಗೆ ಬರೆಯಬೇಕೆಂದರೆ ದುಪ್ಪಟ್ಟು ಕೂಲಿ ಕೇಳುವಂಥ ಹೆಸರು. ನಾಲ್ಕು ಸಲ ಓಡಿ ಬಂದ. ನಾಲ್ಕು ಸಲವೂ ಝಳ ತಾಗಿ ಹಿಂದೆ ಸರಿದ. ಮೈತುಂಬ ಹುಣ್ಣಾಗಿದ್ದ ಬಡ ದೇವರು ನಾನಾವಾಟ್ಸಿನ್ ಕಣ್ಣು ಮುಚ್ಚಿ ಹಾರಿಯೇಬಿಟ್ಟ. ಅವನೇ ಸೂರ್ಯ.

"ಆ ಜಂಬದವನು ಏನಾದ?"

"ನಾಚಿಕೆಯಾಗಿ ಅವನೂ ಹಾರಿದ ಮಾವ. ಇಬ್ಬಿಬ್ರು ಸೂರ್ಯ ಯಾಕೆ ಅಂತ ಉಳಿದ ದೇವರು ಅವನ ಮುಖಕ್ಕೆ ಒಂದು ಮೊಲ ಎಸೆದ್ರು. ಮಂಕಾಗಿ ಚಂದ್ರ ಆದ."

"ತಡವಾದ್ರೂ ಲೆಕ್ಕಕ್ಕೆ ಬಂದನಲ್ಲ!"

"ಬಂದ." ನನ್ನ ಮುಖ ನೋಡಲಿಲ್ಲ ಅವಳು. "ವ್ಯತ್ಯಾಸ ಇಷ್ಟೇ ಮಾವ. ನಾರ್ಸ್ ದೇವರಿಗೆ ಮೊದಲೇ ಗೊತ್ತು, ಏನು ಕೊಟ್ರೂ ಕೊನೆಗೆ ಆ ತೋಳ ಬಿಡಿಸ್ಕೊಂಡು ಬರುತ್ತೆ ಅಂತ. ಗೊತ್ತಿದ್ದೂ ಕೊಡ್ತಾರೆ. ಈ ಅಜ್ಟೆಕ್ ದೇವರು, ಕೊಟ್ರೆ ಬೆಳಗಾಗುತ್ತೆ ಅಂತ ನಂಬಿ ಕೊಡೋರು."

"ಹಾಗಾದ್ರೆ ನಾನು ಈ ಕಡೆ," ಅಂದೆ.

ಅವಳು ಮಾತ್ರೆ ತರಲು ಹೋದಳು. ಅಕ್ಕ ಕಣ್ಣು ಬಿಡದೆಯೇ ಕೇಳಿದಳು: "ಭಯಾನಾ?"

"ನನಗಾ? ಮೂರು ಮಾಳಿಗೆ ಮೇಲೆ ಹಗ್ಗ ಕಟ್ಕೊಂಡು ನೇತಾಡೋನು ನಾನು—"

"ಚಿಕ್ಕೋನಿದ್ದಾಗ ಇಂಜೆಕ್ಷನ್ ಅಂದ್ರೆ ನನ್ನ ಹಿಂದೆ ಬಚ್ಚಿಟ್ಕೊಳ್ತಿದ್ದೆ. ಈಗ ನನ್ನ ಹಿಂದೆ ಜಾಗ ಇಲ್ಲ ಕಣೋ. ಬೇಡ ಬಿಡು. ನಾನೇನೂ ಅಂದ್ಕೊಳಲ್ಲ."

ಅವಳ ಚಪ್ಪಲಿ ಮಂಚದ ಕೆಳಗೆ ಸರಿಸಿಟ್ಟು ಎದ್ದು ಬಂದೆ.

ಮಾರ್ಚ್ ೨೭

ಸ್ಕ್ಯಾನ್ ಆಯಿತು! ನರಕ್ಕೆ ಏನೋ ಔಷಧಿ ಬಿಟ್ಟರು. ಗಂಟಲಿನಿಂದ ಕಾಲಿನವರೆಗೆ ಸುಡುಸುಡು. ಹಾರಿದೆ ಅಂದುಕೊಂಡೆ. ಕಿರುಚಲಿಲ್ಲ. (ಸ್ವಲ್ಪ ಕಿರುಚಿದೆ.) ರಿಪೋರ್ಟು ನೋಡಿ ಫೋನ್ ಮಾಡುತ್ತಾರಂತೆ.

ಓಡಿ ಹೋಗಿ ಅಕ್ಕನಿಗೆ ಹೇಳಿದೆ. "ಬಂದೆಯಲ್ಲಪ್ಪ ದೇವರೇ," ಎಂದು ಕೆನ್ನೆ ತಟ್ಟಿದಳು. ಕೈ ಬಹಳ ಬಿಸಿಯಿತ್ತು. ಚಳಿ ಅಂದಳು. ಎರಡು ಕಂಬಳಿ ಹೊದಿಸಿದೆವು. ಆದರೂ ಚಳಿ.

ಏಪ್ರಿಲ್ ೮

ರಕ್ತದಲ್ಲಿ ಸೋಂಕು ಅಂದರು. ಅಕ್ಕ ಹೋಗಲು ಮೂರು ದಿನವೂ ಹಿಡಿಯಲಿಲ್ಲ.

ಅಕ್ಕನ ಬಟ್ಟೆಗಳನ್ನು ಮಗಳು ಮಡಿಸುತ್ತಿದ್ದಾಳೆ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಾಳೆ. ನಾಲ್ಕು ಬೋರ್ಡು ಬಾಕಿ ಇವೆ. ಕುಂಚ ಒಣಗಿ ಕಡ್ಡಿಯಾಗಿದೆ.

ಏಪ್ರಿಲ್ ೧೦, ಬೆಳಿಗ್ಗೆ

ಈಗಷ್ಟೇ ಫೋನ್ ಬಂತು. ಆಸ್ಪತ್ರೆಯದೇ, ಸ್ಕ್ಯಾನಿನ ಆಫೀಸು. ಹೊಸ ಹುಡುಗಿಯ ದನಿ. ಮೇಲಿನ ವಾರ್ಡಿನ ಸುದ್ದಿ ಕೆಳಗೆ ಮುಟ್ಟಿಲ್ಲ.

"ಸರ್, ರಿಪೋರ್ಟ್ ಬಂದಿದೆ. ತುಂಬಾ ಒಳ್ಳೆ ಕಿಡ್ನಿ ಸರ್ ನಿಮ್ದು. ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋದು ಡಾಕ್ಟರೇ ನೋಡಿಲ್ವಂತೆ. ನಾಳೆ ಅಕ್ಕನ್ನ ಕರ್ಕೊಂಡು ಬರ್ತೀರಾ?"

ಬರ್ತೀವಿ ಅಂದೆ. ಹತ್ತು ಗಂಟೆಗೇ ಬರ್ತೀವಿ, ಅಕ್ಕನಿಗೆ ಹೇಳಿದರೆ ಕುಣಿದಾಡುತ್ತಾಳೆ ಅಂದೆ. ಆ ಹುಡುಗಿ ನಕ್ಕಳು. ನಾನೂ ನಕ್ಕೆ.

ಒಳಗಿನಿಂದ ಮಗಳು ಕೂಗಿದಳು — "ಮಾವ, ಯಾರದು ಫೋನು?"

ನಾನು, "ಬೋರ್ಡಿನವರದು," ಎಂದು ಕೂಗಿ ಒಣಗಿದ ಕುಂಚ ನೆನೆಯಲು ಹಾಕಿದೆ.