ಕೊಲಾಪೊನ ಹೆಂಡತಿಯಂತೆ ನಾನು!

ಸೇವಾ ತರಬೇತಿ ಶಿಬಿರ, ಕ್ವಾನಾರ್ ಗಾಡೊ, ಉತ್ತರ ನೈಜೀರಿಯಾ
ನವೆಂಬರ್ 21, ಗುರುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ, ಅಂದರೆ ಕೈಕಾಲು ನೆಟ್ಟಗಿವೆ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಗೊಳೋ ಅಂತ ಅಳುತ್ತೀಯ, ಅದಕ್ಕೇ ಈ ಕಾಗದ. ಹೋದ ವಾರ ನಿನ್ನ ಗಂಟು ತಂದುಕೊಟ್ಟ ಬಸ್ ಡ್ರೈವರ್ ಮತ್ತೆ ಬಂದಿದ್ದಾನೆ, ಅವನ ಕೈಲೇ ಕಳಿಸುತ್ತಿದ್ದೇನೆ.

ಅಲ್ಲಮ್ಮಾ, ನಿನಗೇನು ತಲೆ ಕೆಟ್ಟಿದೆಯಾ? ಮರಗೆಣಸಿನ ಹಿಟ್ಟಿನ ಚೀಲಕ್ಕೆ ಕೈ ಹಾಕಿದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮದುವೆ ಸರ್ಟಿಫಿಕೇಟು! ನನ್ನದೇ ಮದುವೆ! ಗಂಡ ಯಾರಪ್ಪಾ ಅಂತ ನೋಡಿದರೆ ಪಕ್ಕದ ಮನೆ ಕೊಲಾಪೊ. ಇವತ್ತಿಗೂ ಅವನ ಅಂಗಿಗೆ ಇಸ್ತ್ರಿ ಹಾಕುವುದು ಅವರಮ್ಮ! ಗಂಡ ಇರುವ ಊರಿಗೆ ಹೆಂಡತಿಯನ್ನು ವರ್ಗ ಮಾಡುತ್ತಾರೆ, ಸರಿ. ಅದಕ್ಕೆ ಅಂತ ಹೇಳದೆ ಕೇಳದೆ ಮಗಳ ಮದುವೆ ಮುಗಿಸಿಬಿಡುವುದಾ? ಮದುಮಗಳಿಗೇ ಮದುವೆಯೂಟದ ಒಂದು ತಟ್ಟೆ ಜೊಲೊಫ್ ಅನ್ನ ಸಿಗಲಿಲ್ಲವಲ್ಲ!

ಹೆದರಿಕೆ ನಿನಗೊಬ್ಬಳಿಗೇನಾ? ಡಿಗ್ರಿ ಮುಗಿಸಿದ ಎರಡು ಸಾವಿರ ಜನ ಇಲ್ಲಿ ಖಾಕಿ ತೊಟ್ಟು ಹೆದರುತ್ತಿದ್ದೇವೆ. ಶಿಬಿರ ಮುಗಿದ ಮೇಲೆ ಯಾವ ಹಳ್ಳಿ ಶಾಲೆಗೆ ಹಾಕುತ್ತಾರೋ, ದಾರಿಯಲ್ಲಿ ಬಸ್ಸು ಅಡ್ಡಗಟ್ಟಿ ಯಾರು ಎಳೆದುಕೊಂಡು ಹೋಗುತ್ತಾರೋ, ಎಲ್ಲರ ಬಾಯಲ್ಲೂ ಅದೇ. ಡಿಗ್ರಿ ಆದಮೇಲೆ ಸರ್ಕಾರ ಹಾಕಿದ ಕಡೆ ಒಂದು ವರ್ಷ ಸೇವೆ ಮಾಡದಿದ್ದರೆ ಕೆಲಸ ಸಿಗಲ್ಲ ಅಂತಾರೆ. ಸೇವೆಗೆ ಬಂದವರ ಜೀವಕ್ಕೆ ಯಾರು ಹೊಣೆ? ಯಾವ ನ್ಯಾಯ ಇದು?

ನನ್ನ ಪಕ್ಕದ ಮಂಚದವಳು ಇನೆಮೆಸಿತ್ ಅಂತ, ಕಲಬಾರಿನ ಹುಡುಗಿ. ಅವಳಿಗೆ ನಿಜವಾಗಿ ಉಬ್ಬಸ. ಈ ಹಾಳು ಧೂಳುಗಾಳಿ ಶುರುವಾದಮೇಲೆ ಎರಡು ಸಲ ಪೆರೇಡ್ ಮೈದಾನದಲ್ಲೇ ಬಿದ್ದಳು. ಮೊನ್ನೆ ಆಸ್ಪತ್ರೆ ಕಾಗದ ಹಿಡಿದುಕೊಂಡು ವರ್ಗ ಕೇಳಲು ಹೋದರೆ ಅಧಿಕಾರಿ ಕಿಸಕ್ಕನೆ ನಕ್ಕ. "ಅರ್ಧ ಜನಕ್ಕೆ ಗಂಡ, ಇನ್ನರ್ಧಕ್ಕೆ ಕಾಯಿಲೆ! ಹೋಗಮ್ಮಾ ಹೋಗು, ಇಂಥ ನಾಟಕ ಎಷ್ಟು ನೋಡಿಲ್ಲ ನಾನು" ಅಂದ. ಯಾಕೆ ನಂಬಲಿಲ್ಲ ಹೇಳು? ನಿನ್ನಂಥ ಅಮ್ಮಂದಿರು ಕಂತೆಗಟ್ಟಲೆ ಸುಳ್ಳು ಕಾಗದ ಕಳಿಸಿದ್ದಕ್ಕೆ! ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಆಮೇಲೆ ಅವಳು ಮಂಚದ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು, ನಾನು ಬೆನ್ನು ನೀವುತ್ತಿದ್ದೆ.

ಅಜ್ಜಿಗೆ ನಮಸ್ಕಾರ ಹೇಳು. ತಮ್ಮ ನನ್ನ ರೇಡಿಯೋ ಮುಟ್ಟಿದರೆ ಬೆನ್ನಿಗೆರಡು ಬಿಡು.

ನಿನ್ನ ಮಗಳು, ಯಾರ ಹೆಂಡತಿಯೂ ಅಲ್ಲದವಳು,
ಮೊರೆನಿಕೆ

ಇನ್ನೊಂದು ಮಾತು: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಿಬಿಡುತ್ತೇನೆ. ಮೊನ್ನೆ ವರ್ಗ ಕೇಳುವವರ ಸಾಲಿನಲ್ಲಿ ಇನೆಮೆಸಿತ್ ಹಿಂದೆ ನಿಂತಿದ್ದವಳು ನಾನೇ ಅಮ್ಮಾ. ನೀನು ಕಳಿಸಿದ ಕಾಗದ ಕೊಟ್ಟೆ. "ಗಂಡ ಏನು ಮಾಡ್ತಾನೆ?" ಅಂದ ಅಧಿಕಾರಿ. "ಟೈರ್ ಅಂಗಡಿ" ಅಂದೆ, ತಡವರಿಸಲೂ ಇಲ್ಲ. ವರ್ಗದ ಕಾಗದಕ್ಕೆ ಸಹಿ ಹಾಕಿದ. ಮಂಗಳವಾರ ಮನೆಗೆ ಬರುತ್ತೇನೆ. ಈಗ ಇನೆಮೆಸಿತ್ ನನ್ನ ಬಟ್ಟೆ ಮಡಚಿಕೊಡುತ್ತಿದ್ದಾಳೆ. "ನಿನ್ನ ಗಂಡ ಪುಣ್ಯವಂತ ಕಣೇ" ಅನ್ನುತ್ತಿದ್ದಾಳೆ.